ಇಂಟರ್ನ್‌ಶಿಪ್ ಎಂಬ ಕಾಗದ, ಕೋ-ಆಪ್ ಎಂಬ ಕೆಲಸ

ಪ್ರವೇಶದ ಹಂಗಾಮು ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಕರಪತ್ರಗಳು ಊರೂರಿಗೆ ಬರುತ್ತವೆ. ಅವುಗಳಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿರುತ್ತದೆ: ಕಡ್ಡಾಯ ಇಂಟರ್ನ್‌ಶಿಪ್, ಉದ್ಯಮಗಳೊಂದಿಗೆ ಒಡಂಬಡಿಕೆ. ಮಗನನ್ನೋ ಮಗಳನ್ನೋ ಸೇರಿಸಲು ಬಂದ ರೈತ ಆ ಸಾಲನ್ನು ನಂಬುತ್ತಾನೆ. ನಾಲ್ಕು ವರ್ಷ ಕಳೆದ ಮೇಲೆ ಮಗುವಿನ ಕೈಯಲ್ಲಿ ಪದವಿ ಪತ್ರವಿರುತ್ತದೆ, ಜೊತೆಗೆ ಒಂದೆರಡು ಇಂಟರ್ನ್‌ಶಿಪ್ ಸರ್ಟಿಫಿಕೇಟುಗಳೂ ಇರುತ್ತವೆ. ಕೆಲಸ ಮಾತ್ರ ಬಂದಿರುವುದಿಲ್ಲ. ನೌಕರಿಯ ವಿಷಯ ಆಮೇಲಿನದು. ನಾನು ಹೇಳುತ್ತಿರುವುದು ಕೆಲಸ ಮಾಡುವ ವಿದ್ಯೆಯ ಮಾತು.

ಇದನ್ನು ಈ ಪತ್ರಿಕೆಯಲ್ಲೇ ಬರೆಯಲು ಕಾರಣವಿದೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರದ್ದು, ಕಲಬುರಗಿಯ ಪಿ.ಡಿ.ಎ. ಕಾಲೇಜು 1958ರದ್ದು. ತುಮಕೂರಿನ ಸಿದ್ಧಗಂಗಾ, ಮೈಸೂರಿನ ಎಸ್‌.ಜೆ.ಸಿ.ಇ., ಬಾಗಲಕೋಟೆಯ ಬಸವೇಶ್ವರ ಕಾಲೇಜು, ಈ ಮೂರೂ 1963ರಲ್ಲಿ ಆರಂಭವಾದವು. ಸರ್ಕಾರ ತಲುಪದ ಕಡೆ ನಮ್ಮ ಮಠಗಳು, ಸಂಘಗಳು ತಲುಪಿದವು. ಭಕ್ತರು ಕೊಟ್ಟ ಜಮೀನು, ಜೋಳ, ಹಣ ಇವುಗಳ ಅಡಿಪಾಯದಲ್ಲಿವೆ. ಆದ್ದರಿಂದ ಅಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಕೇಳುವ ಹಕ್ಕು ಭಕ್ತರಿಗಿದೆ. ಕಾಯಕದ ಮಾತನ್ನು ಪ್ರತಿ ವೇದಿಕೆಯಲ್ಲೂ ಆಡುವ ನಾವು, ನಮ್ಮವರೇ ನಡೆಸುವ ಕಾಲೇಜಿನಲ್ಲಿ ವಿದ್ಯಾರ್ಥಿಯ ಕೈ ಎಷ್ಟು ದಿನ ಕೆಲಸ ಮುಟ್ಟಿದೆ ಎಂದು ಲೆಕ್ಕ ಕೇಳಬೇಡವೇ?

ನನ್ನ ವಾದ ಇಷ್ಟು: ಓದನ್ನೂ ಕೆಲಸವನ್ನೂ ಒಂದೇ ಪದವಿಯೊಳಗೆ ಹೆಣೆಯುವ ವ್ಯವಸ್ಥೆ ಜಗತ್ತಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿದೆ. ಅದರ ಗುಣವೆಲ್ಲ ಅದರ ಕಟ್ಟುಪಾಡಿನಲ್ಲಿದೆ. ನಾವು ಕಟ್ಟುಪಾಡನ್ನು ಬಿಟ್ಟು ಹೆಸರನ್ನು ಮಾತ್ರ ತಂದುಕೊಂಡಿದ್ದೇವೆ.

ಹುಟ್ಟಿದ್ದು ಹೇಗೆ

ಇದಕ್ಕೆ ಕೋ-ಆಪರೇಟಿವ್ ಶಿಕ್ಷಣ, ಚಿಕ್ಕದಾಗಿ ಕೋ-ಆಪ್ ಎನ್ನುತ್ತಾರೆ. ನಮ್ಮ ಕಡೆ ಕೋ-ಆಪರೇಟಿವ್ ಎಂದೊಡನೆ ಸಾಲ ಕೊಡುವ ಸೊಸೈಟಿ ನೆನಪಾಗುತ್ತದೆ. ಇದು ಬೇರೆ. ಕಾಲೇಜು ಮತ್ತು ಕಾರ್ಖಾನೆ ಕೂಡಿ ಒಬ್ಬ ಎಂಜಿನಿಯರನನ್ನು ತಯಾರು ಮಾಡುವ ಸಹಕಾರ ಇದು.

ಅಮೆರಿಕದ ಹರ್ಮನ್ ಷ್ನೈಡರ್ ಎಂಬ ಸಿವಿಲ್ ಎಂಜಿನಿಯರ್ ಲೀಹೈ ವಿಶ್ವವಿದ್ಯಾಲಯದಲ್ಲಿದ್ದಾಗಲೇ ಈ ಯೋಚನೆ ಮಾಡಿದ. ಅದು ಕಾರ್ಯರೂಪಕ್ಕೆ ಬಂದದ್ದು ಸಿನ್ಸಿನ್ನಾಟಿ ವಿಶ್ವವಿದ್ಯಾಲಯದಲ್ಲಿ, 1906ರಲ್ಲಿ, 27 ವಿದ್ಯಾರ್ಥಿಗಳೊಂದಿಗೆ. ಸಿನ್ಸಿನ್ನಾಟಿ ಆಗ ಮಷಿನ್ ಟೂಲ್ ಕಾರ್ಖಾನೆಗಳ ಊರು. ವಿದ್ಯಾರ್ಥಿಗಳನ್ನು ಜೋಡಿ ಮಾಡಿದರು. ಒಬ್ಬ ಒಂದು ವಾರ ತರಗತಿಯಲ್ಲಿದ್ದರೆ ಅವನ ಜೋಡಿ ಕಾರ್ಖಾನೆಯಲ್ಲಿ. ಮರುವಾರ ಅದಲುಬದಲು. ಇದರಿಂದ ಕಾರ್ಖಾನೆಯ ಯಂತ್ರದ ಮುಂದೆ ಯಾವಾಗಲೂ ಒಬ್ಬ ಇರುತ್ತಿದ್ದ, ತರಗತಿಯ ಬೆಂಚಿನ ಮೇಲೂ ಯಾವಾಗಲೂ ಒಬ್ಬ ಇರುತ್ತಿದ್ದ. ಮಾಲೀಕನಿಗೆ ಕೆಲಸ ನಿಲ್ಲಲಿಲ್ಲ; ಆದ್ದರಿಂದ ಅವನು ಕೂಲಿ ಕೊಡಲು ಹಿಂಜರಿಯಲಿಲ್ಲ. ಮುಂದೆ ವಾರದ ಸರದಿ ತಿಂಗಳುಗಳ ಸರದಿಯಾಯಿತು. 1909ರಲ್ಲಿ ಬಾಸ್ಟನ್ನಿನಲ್ಲಿ, ಈಗಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ, ಇದೇ ಪದ್ಧತಿ ಶುರುವಾಯಿತು.

ಇದನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ. 1957ರಲ್ಲಿ ಎಪ್ಪತ್ತಕ್ಕೆ ಸ್ವಲ್ಪ ಮೇಲ್ಪಟ್ಟ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಆ ಸಂಸ್ಥೆಯ ಹಿಂದೆ ಇದ್ದವರು ಆ ಊರಿನ ಉದ್ಯಮಿಗಳೇ. ರಬ್ಬರ್ ಟೈರ್ ಕಂಪನಿಯೊಂದರ ಅಧ್ಯಕ್ಷನಾಗಿದ್ದ ಐರಾ ನೀಡಲ್ಸ್ 1956ರಲ್ಲಿ ಮಾಡಿದ ಭಾಷಣವೇ ಅದರ ನೀಲನಕ್ಷೆ. ಕಾಲೇಜು ಕಟ್ಟಿ ಆಮೇಲೆ ಉದ್ಯಮಗಳ ಬಾಗಿಲು ತಟ್ಟಲಿಲ್ಲ. ಉದ್ಯಮಗಳು ಕೂತು ಕಾಲೇಜು ಕಟ್ಟಿದವು. ಮೊದಲ ತಂಡದಿಂದಲೇ ಎಂಜಿನಿಯರಿಂಗ್ ಎಂದರೆ ಕೋ-ಆಪ್.

ಲೆಕ್ಕ ಹೀಗಿದೆ

ನಮ್ಮ ಬಂಧುಗಳ ಮಗನೊಬ್ಬ ಅಲ್ಲಿ ಓದಿದ. ಅವನ ವೇಳಾಪಟ್ಟಿ ನೋಡಿದಾಗ ನನ್ನಂಥ ಎಂಜಿನಿಯರನಿಗೆ ಸಂತೋಷ ಕೊಟ್ಟದ್ದು ಅದರ ಲೆಕ್ಕ. ಅದನ್ನು ನಿಧಾನವಾಗಿ ಓದಿರಿ.

ವರ್ಷಕ್ಕೆ ತಲಾ ನಾಲ್ಕು ತಿಂಗಳ ಮೂರು ಅವಧಿಗಳು: ಸೆಪ್ಟೆಂಬರ್‌ನಿಂದ ಡಿಸೆಂಬರ್, ಜನವರಿಯಿಂದ ಏಪ್ರಿಲ್, ಮೇ ತಿಂಗಳಿಂದ ಆಗಸ್ಟ್. ಪದವಿಗೆ ಎಂಟು ಓದಿನ ಅವಧಿಗಳು, ಆರು ಕೆಲಸದ ಅವಧಿಗಳು. ಎಂಟು ನಾಲ್ಕಲಿ 32 ತಿಂಗಳು ಓದು. ಆರು ನಾಲ್ಕಲಿ 24 ತಿಂಗಳು ಕೆಲಸ. ಒಟ್ಟು 56 ತಿಂಗಳು, ಅಂದರೆ ನಾಲ್ಕು ವರ್ಷ ಎಂಟು ತಿಂಗಳು. ಕೆಲಸದ ಅವಧಿ ಇಲ್ಲದ ಮಾಮೂಲಿ ನಾಲ್ಕು ವರ್ಷದ ಕೋರ್ಸಿನಲ್ಲೂ ಓದುವುದು ಅದೇ 32 ತಿಂಗಳು. ನಡುವಿನ ಮೂರು ಬೇಸಿಗೆ ಸೇರಿ 44 ತಿಂಗಳಿಗೆ ಮುಗಿಯುತ್ತದೆ. ಅಂದರೆ ಕೋ-ಆಪ್ ವಿದ್ಯಾರ್ಥಿ ಪಾಠವನ್ನು ಒಂದು ದಿನವೂ ಕಳೆದುಕೊಳ್ಳುವುದಿಲ್ಲ. ಕೊಡುವುದು ಹನ್ನೆರಡು ತಿಂಗಳು ಹೆಚ್ಚು, ಪಡೆಯುವುದು ಇಪ್ಪತ್ನಾಲ್ಕು ತಿಂಗಳ ಅನುಭವ.

ತರಗತಿಯನ್ನು ಅವರು ಎರಡು ಸಾಲುಗಳಾಗಿ ಮಾಡುತ್ತಾರೆ. ಒಂದು ಸಾಲಿನವರು ಮೊದಲ ನಾಲ್ಕು ತಿಂಗಳು ಓದಿದ ಕೂಡಲೇ ಕೆಲಸಕ್ಕೆ ಹೋಗುತ್ತಾರೆ. ಇನ್ನೊಂದು ಸಾಲಿನವರು ಎಂಟು ತಿಂಗಳು ಓದಿ ಹೋಗುತ್ತಾರೆ. ಅಲ್ಲಿಂದ ಮುಂದೆ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ ಎಂಬ ಸರದಿ. ಕೊನೆಯ ಎರಡು ಅವಧಿಗೆ ಎರಡೂ ಸಾಲಿನವರು ತರಗತಿಗೆ ಬಂದು ಸೇರುತ್ತಾರೆ. ಸಿನ್ಸಿನ್ನಾಟಿಯ ಜೋಡಿ ಪದ್ಧತಿಯ ತತ್ವವೇ ಇದು: ಕಂಪನಿಗೆ ವರ್ಷವಿಡೀ ವಿದ್ಯಾರ್ಥಿ ಸಿಗುತ್ತಾನೆ, ಕಾಲೇಜಿನ ಲ್ಯಾಬು ವರ್ಷವಿಡೀ ಬಳಕೆಯಲ್ಲಿರುತ್ತದೆ. ನಮ್ಮ ಲ್ಯಾಬುಗಳಿಗೆ ರಜೆಯಲ್ಲಿ ಬೀಗ ಬಿದ್ದಿರುವುದನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ಕೆಲಸ ಹುಡುಕುವುದೂ ಪಾಠದ ಭಾಗ. ಓದಿನ ಅವಧಿಯಲ್ಲೇ ಮುಂದಿನ ಅವಧಿಯ ಕೆಲಸಕ್ಕೆ ಅರ್ಜಿ, ಸಂದರ್ಶನ ನಡೆಯುತ್ತವೆ. ಕಂಪನಿ ವಿದ್ಯಾರ್ಥಿಗಳಿಗೆ ಕ್ರಮಾಂಕ ಕೊಡುತ್ತದೆ, ವಿದ್ಯಾರ್ಥಿಯೂ ಕಂಪನಿಗಳಿಗೆ ಕ್ರಮಾಂಕ ಕೊಡುತ್ತಾನೆ. ಎರಡನ್ನೂ ಕೂಡಿಸಿ ಹೊಂದಿಸುತ್ತಾರೆ. ಕೆಲಸದ ಅವಧಿಗೆ ಬೋಧನಾ ಶುಲ್ಕವಿಲ್ಲ, ಕಂಪನಿ ಸಂಬಳ ಕೊಡುತ್ತದೆ. ಆ ಅವಧಿಯಲ್ಲೇ ವಿದ್ಯಾರ್ಥಿ ವೃತ್ತಿಗೆ ಸಂಬಂಧಿಸಿದ ಸಣ್ಣ ಕೋರ್ಸುಗಳನ್ನು ಮುಗಿಸಬೇಕು, ವರದಿ ಬರೆಯಬೇಕು. ಕಂಪನಿಯವರು ಅವನ ಕೆಲಸಕ್ಕೆ ದರ್ಜೆ ಕೊಡಬೇಕು. ಎಂಜಿನಿಯರಿಂಗ್ ಪದವಿಗೆ ಕನಿಷ್ಠ ಐದು ಕೆಲಸದ ಅವಧಿ ಪಾಸಾಗದಿದ್ದರೆ ಪದವಿ ಇಲ್ಲ. ಇದನ್ನೆಲ್ಲ ನಡೆಸಲು ಪ್ರತ್ಯೇಕ ವಿಭಾಗವೇ ಇದೆ.

ಕೆನಡಾದಲ್ಲಿ ಯಾವ ಕಾಲೇಜು ಬೇಕಾದರೂ ತನ್ನ ಕೋರ್ಸನ್ನು ಕೋ-ಆಪ್ ಎಂದುಕೊಂಡು ಮಾನ್ಯತೆ ಪಡೆಯಲಾಗದು. ಅದಕ್ಕೊಂದು ರಾಷ್ಟ್ರೀಯ ಮಾನದಂಡವಿದೆ. ಒಂದು, ಕೆಲಸ ಕಲಿಕೆಗೆ ತಕ್ಕದ್ದೆಂದು ಕಾಲೇಜು ಒಪ್ಪಿರಬೇಕು. ಎರಡು, ವಿದ್ಯಾರ್ಥಿ ನಿಂತು ನೋಡಿದರೆ ಸಾಲದು, ಉಪಯೋಗಕ್ಕೆ ಬರುವ ಕೆಲಸ ಮಾಡಬೇಕು. ಮೂರು, ಸಂಬಳ ಸಿಗಬೇಕು. ನಾಲ್ಕು, ಕಾಲೇಜು ಅವನ ಪ್ರಗತಿಯ ಮೇಲೆ ಕಣ್ಣಿಟ್ಟಿರಬೇಕು. ಐದು, ಉದ್ಯೋಗದಾತ ಮೇಲ್ವಿಚಾರಣೆ ಮಾಡಿ ಮೌಲ್ಯಮಾಪನ ಮಾಡಬೇಕು. ಆರು, ಕೆಲಸದ ಒಟ್ಟು ಕಾಲ ಓದಿನ ಕಾಲದ ಶೇ. 30ಕ್ಕೆ ಕಡಿಮೆ ಇರಬಾರದು. ವಾಟರ್ಲೂ ಲೆಕ್ಕದಲ್ಲಿ ಅದು ಶೇ. 75.

ನಮ್ಮಲ್ಲಿ ನಡೆಯುವುದು

ನಾನು ಕಾರ್ಯಪಾಲಕ ಎಂಜಿನಿಯರ್ ಆಗಿದ್ದಾಗ ನಾಲ್ವರು ಹುಡುಗರು ಕಚೇರಿಗೆ ಬಂದರು. "ಸರ್, ನಾಲ್ಕು ವಾರದ್ದು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬೇಕಾಗಿತ್ತು" ಎಂದರು. "ಯಾವತ್ತಿಂದ ಬರ್ತೀರಪ್ಪಾ?" ಎಂದೆ. "ಬರೋದಲ್ಲ ಸರ್, ಸಹಿ ಮಾತ್ರ. ನಾಳೆ ಸಬ್ಮಿಷನ್ ಐತಿ" ಎಂದರು. ಅವರಲ್ಲಿ ಸಂಕೋಚವೇ ಇರಲಿಲ್ಲ. ಹುಡುಗರನ್ನು ದೂರಿ ಫಲವಿಲ್ಲ. ಅವರಿಗೆ ಕಾಲೇಜು ಕೇಳಿದ್ದೇ ಕಾಗದವನ್ನು, ಅವರು ಕಾಗದ ತರಲು ಹೊರಟಿದ್ದರು.

ಸಹಿ ಹಾಕಲಿಲ್ಲ. ಕಾಲುವೆ ಲೈನಿಂಗ್ ಕೆಲಸ ನಡೆಯುತ್ತಿದೆ, ಬೆಳಿಗ್ಗೆ ಏಳಕ್ಕೆ ಬನ್ನಿ ಎಂದೆ. ಇಬ್ಬರು ಬಂದರು. ಮೊದಲ ವಾರ ಸ್ಟಾಫ್ ಹಿಡಿಯುವುದು, ಎರಡನೇ ವಾರ ಆಟೋ ಲೆವೆಲ್ ಹೂಡುವುದು, ಮೂರನೇ ವಾರ ಕ್ಯೂಬ್ ಹಾಕುವುದು, ಸ್ಲಂಪ್ ನೋಡುವುದು. ನಾಲ್ಕನೇ ವಾರಕ್ಕೆ ಅವರಲ್ಲೊಬ್ಬ ಮೇಸ್ತ್ರಿಯೊಡನೆ ನೀರಿನ ಪ್ರಮಾಣದ ಬಗ್ಗೆ ವಾದ ಮಾಡುತ್ತಿದ್ದ. ಹೋಗುವ ದಿನ ಆ ಹುಡುಗ ಒಂದು ಮಾತು ಹೇಳಿದ: "ಸರ್, ಸೆಕೆಂಡ್ ಇಯರ್ ಸರ್ವೇ ಪಾಠಕ್ಕಿಂತ ಮೊದಲು ಇಲ್ಲಿಗೆ ಬಂದಿದ್ರೆ ಆ ಪಾಠ ನನಗೆ ತಿಳೀತಿತ್ತು." ಕೋ-ಆಪ್ ಪದ್ಧತಿಯ ತಿರುಳೆಲ್ಲ ಈ ಮಾತಿನಲ್ಲಿದೆ. ಕೆಲಸ ಕಂಡವನು ತರಗತಿಗೆ ಮರಳಬೇಕು. ಪ್ರಶ್ನೆ ಹೊತ್ತು ಮರಳಬೇಕು. ಕೊನೆಯ ವರ್ಷದಲ್ಲಿ ಒಮ್ಮೆ ಕಳಿಸಿದರೆ ಆ ಪ್ರಶ್ನೆಗೆ ಉತ್ತರ ಹೇಳಲು ಮುಂದೆ ತರಗತಿಯೇ ಉಳಿದಿರುವುದಿಲ್ಲ.

ಮೇಲಿನ ಆರು ನಿಯಮಗಳನ್ನು ನಮ್ಮ ಇಂಟರ್ನ್‌ಶಿಪ್ ಪಕ್ಕದಲ್ಲಿ ಇಟ್ಟು ನೋಡಿ. ಕೆಲಸ ತಕ್ಕದ್ದೇ ಎಂದು ನೋಡಿದವರು ಯಾರು? ಸ್ಥಳಕ್ಕೆ ಹೋಗಿ ಬಂದ ಅಧ್ಯಾಪಕರು ಎಷ್ಟು ಜನ? ಸಂಬಳದ ಮಾತು ಇರಲಿ, ಎಷ್ಟೋ ಕಡೆ ವಿದ್ಯಾರ್ಥಿಯೇ ಹಣ ಕಟ್ಟಿ ಇಂಟರ್ನ್‌ಶಿಪ್ ಕೊಳ್ಳುತ್ತಾನೆ. ಹಣ ತೆಗೆದುಕೊಂಡು ಮೂರು ಕಂತು ಆನ್‌ಲೈನ್ ಪಾಠ ಹೇಳಿ ಸರ್ಟಿಫಿಕೇಟು ಕೊಡುವ ಅಂಗಡಿಗಳು ಹುಟ್ಟಿಕೊಂಡಿವೆ. ದುಡಿದವನಿಗೆ ಕೂಲಿ ಸಿಗಬೇಕಾದಲ್ಲಿ, ದುಡಿಯದವನಿಂದ ಕೂಲಿ ವಸೂಲಿ! ಕಾಯಕವನ್ನು ಇದಕ್ಕಿಂತ ತಲೆಕೆಳಗು ಮಾಡಲು ಸಾಧ್ಯವೇ?

ನಮ್ಮ ದೇಶದಲ್ಲಿ ಪ್ರಯತ್ನವೇ ಆಗಿಲ್ಲ ಎಂದಲ್ಲ. ಪಿಲಾನಿಯ ಬಿಟ್ಸ್ ಸಂಸ್ಥೆ 1973ರಿಂದ ಪ್ರಾಕ್ಟೀಸ್ ಸ್ಕೂಲ್ ನಡೆಸುತ್ತಿದೆ: ಎರಡನೇ ವರ್ಷದ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು, ಕೊನೆಯ ವರ್ಷ ಐದೂವರೆ ತಿಂಗಳು. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಿದರು. ಆದರೆ ಆ ತರಬೇತಿ ಪದವಿ ಮುಗಿದ ಮೇಲಿನದು. ಈಚೆಗೆ ಯುಜಿಸಿ ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸುವ ಮಾರ್ಗಸೂಚಿಯನ್ನೂ ಹೊರಡಿಸಿದೆ. ದಾರಿ ಇದೆ. ನಡೆಯುವವರು ಬೇಕು.

ಹೇಳುವ ನೆಪಗಳು

ಆಡಳಿತ ಮಂಡಳಿಯವರೊಡನೆ ಈ ವಿಷಯ ಎತ್ತಿದಾಗಲೆಲ್ಲ ನಾಲ್ಕು ಉತ್ತರಗಳನ್ನು ಕೇಳಿದ್ದೇನೆ.

ಮೊದಲನೆಯದು: "ನಮ್ಮ ಕಡೆ ಕೈಗಾರಿಕೆ ಎಲ್ಲಿದೆ?" ಬೆಳಗಾವಿಯಲ್ಲಿ ಫೌಂಡ್ರಿಗಳಿವೆ. ಕಲಬುರಗಿ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ರಾಯಚೂರಿನಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರ್, ಟರ್ಬೈನ್, ಮಿಲ್ಲು ಹಗಲೂ ರಾತ್ರಿ ಓಡುತ್ತವೆ. ಹಂಗಾಮು ಮುಗಿದ ಮೇಲೆ ಅದೇ ಮಿಲ್ಲಿನ ರೋಲರ್ ಬಿಚ್ಚಿ, ಬಾಯ್ಲರ್ ಕೊಳವೆ ಪರೀಕ್ಷಿಸಿ, ಎಲ್ಲವನ್ನೂ ದುರಸ್ತಿ ಮಾಡುತ್ತಾರೆ. ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬ ಒಂದು ಅವಧಿ ಹಂಗಾಮಿನಲ್ಲಿ, ಇನ್ನೊಂದು ಅವಧಿ ದುರಸ್ತಿಯಲ್ಲಿ ದುಡಿದರೆ ಯಂತ್ರದ ಹೊರಗೂ ಒಳಗೂ ಅವನಿಗೆ ಗೊತ್ತಾಗುತ್ತದೆ. ಸಿವಿಲ್ ವಿದ್ಯಾರ್ಥಿಗಂತೂ ದೂರ ಹೋಗುವುದೇ ಬೇಡ. ಎಷ್ಟೋ ಕಾಲೇಜುಗಳ ಆವರಣದಲ್ಲೇ ಹೊಸ ಬ್ಲಾಕು, ಹಾಸ್ಟೆಲ್ಲು ಏಳುತ್ತಿರುತ್ತವೆ. ಆ ಸೆಂಟ್ರಿಂಗಿನ ಪಕ್ಕದಲ್ಲೇ ವಿದ್ಯಾರ್ಥಿಗಳು ನಡೆದುಹೋಗುತ್ತಾರೆ. ಆದರೆ ಅದರ ಮೆಷರ್‌ಮೆಂಟ್ ಬುಕ್ಕನ್ನು ಅವರಿಗೆ ಯಾರೂ ತೋರಿಸಿಲ್ಲ.

ಎರಡನೆಯದು: "ವಿಶ್ವವಿದ್ಯಾಲಯದ ವೇಳಾಪಟ್ಟಿ ಬಿಡುವುದಿಲ್ಲ." ನಮ್ಮ ಹಳೆಯ ಕಾಲೇಜುಗಳಲ್ಲಿ ಕೆಲವು ಈಗ ಸ್ವಾಯತ್ತ, ಕೆಲವು ತಾವೇ ವಿಶ್ವವಿದ್ಯಾಲಯಗಳಾಗಿವೆ. ಶುಲ್ಕ ನಿರ್ಧರಿಸುವಾಗ, ಹೊಸ ಕೋರ್ಸು ತೆರೆಯುವಾಗ ನೆನಪಾಗುವ ಸ್ವಾಯತ್ತತೆ ಇಲ್ಲೇಕೆ ನೆನಪಾಗುವುದಿಲ್ಲ?

ಮೂರನೆಯದು: "ಪಾಲಕರು ಐದು ವರ್ಷ ಒಪ್ಪುವುದಿಲ್ಲ." ನಾಲ್ಕು ವರ್ಷ ಮುಗಿಸಿದ ಹುಡುಗ ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಮತ್ತೆ ಫೀ ಕಟ್ಟಿ ಕೋರ್ಸು ಮಾಡುವ ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅಪ್ಪನ ದುಡ್ಡು ಕರಗುವ ವರ್ಷ. ಕೋ-ಆಪ್‌ನಲ್ಲಿ ಹೆಚ್ಚಾಗುವ ವರ್ಷ ಮಗು ಸಂಪಾದಿಸುವ ವರ್ಷ. ಈ ವ್ಯತ್ಯಾಸವನ್ನು ಪಾಲಕರ ಮುಂದೆ ಬಿಡಿಸಿ ಹೇಳಿದರೆ ಒಪ್ಪದಿರಲು ಅವರೇನು ಲೆಕ್ಕ ಬಾರದವರೇ? ಹೊಲದ ಲೆಕ್ಕ ಇಡುವವರು ಅವರು.

ನಾಲ್ಕನೆಯದು ನಿಜಕ್ಕೂ ತೂಕದ ಮಾತು: "ಕಂಪನಿಗಳು ಅಗ್ಗದ ಆಳುಗಳಂತೆ ದುಡಿಸಿಕೊಂಡರೆ? ಹೆಣ್ಣುಮಕ್ಕಳನ್ನು ಎಲ್ಲಿಗೆ ಕಳಿಸುವುದು?" ಈ ಭಯಕ್ಕೆ ಆಧಾರವಿದೆ. ವಾಟರ್ಲೂನಲ್ಲೂ ಎಲ್ಲವೂ ಸುಖವಲ್ಲ. ನಾಲ್ಕು ತಿಂಗಳಿಗೊಮ್ಮೆ ಊರು, ಕೋಣೆ ಬದಲಿಸಬೇಕು. ಪರೀಕ್ಷೆಗೆ ಓದುತ್ತಲೇ ಸಂದರ್ಶನಕ್ಕೆ ಹೋಗಬೇಕು. ಮೊದಲ ಕೆಲಸ ಸಿಗುವುದು ಕಷ್ಟ. ಆರ್ಥಿಕ ಹಿಂಜರಿತ ಬಂದಾಗ ಮೊದಲ ಏಟು ಬೀಳುವುದೂ ವಿದ್ಯಾರ್ಥಿ ಕೆಲಸಗಳಿಗೇ. ಆದರೆ ಶೋಷಣೆಗೆ ತಡೆ ಇರುವುದು ಆ ಆರು ನಿಯಮಗಳಲ್ಲೇ. ಕಾಲೇಜು ಸ್ಥಳಕ್ಕೆ ಹೋಗಿ ನೋಡಿದರೆ, ಸಂಬಳ ಬರಹದಲ್ಲಿದ್ದರೆ, ಕೆಟ್ಟ ಕಂಪನಿಯನ್ನು ಪಟ್ಟಿಯಿಂದ ತೆಗೆದರೆ ಶೋಷಣೆಗೆ ಎಡೆಯಿಲ್ಲ. ವಸತಿಯ ಮಾತಿಗೆ ಬಂದರೆ, ನಾಡಿನ ಮೂಲೆಮೂಲೆಯಲ್ಲಿ ಪ್ರಸಾದ ನಿಲಯಗಳೂ ಹೆಣ್ಣುಮಕ್ಕಳ ಹಾಸ್ಟೆಲುಗಳೂ ಇರುವುದು ಯಾರ ಬಳಿ? ಕೆನಡಾದ ವಿದ್ಯಾರ್ಥಿ ಪ್ರತಿ ಅವಧಿಗೂ ಬಾಡಿಗೆ ಕೋಣೆ ಹುಡುಕುತ್ತಾನೆ. ನಮ್ಮ ಮಠಗಳು ಪರಸ್ಪರ ಒಪ್ಪಿದರೆ ತುಮಕೂರಿನ ಹುಡುಗಿ ಬೆಳಗಾವಿಯಲ್ಲಿ, ಕಲಬುರಗಿಯ ಹುಡುಗ ಮೈಸೂರಿನಲ್ಲಿ ನಾಲ್ಕು ತಿಂಗಳು ನೆಮ್ಮದಿಯಿಂದ ಇರಬಹುದು. ಈ ಅನುಕೂಲ ವಾಟರ್ಲೂ ವಿಶ್ವವಿದ್ಯಾಲಯಕ್ಕಿಲ್ಲ, ನಮಗಿದೆ.

ಕೇಳಬೇಕಾದದ್ದು

ಎಲ್ಲ ಕಾಲೇಜುಗಳೂ ನಾಳೆಯೇ ಬದಲಾಗಲಿ ಎಂದು ನಾನು ಕೇಳುತ್ತಿಲ್ಲ. ಷ್ನೈಡರ್ ಶುರು ಮಾಡಿದ್ದು 27 ಜನರಿಂದ. ಮಠಗಳ, ಸಂಘಗಳ ಆಶ್ರಯದ ಯಾವುದಾದರೂ ಒಂದು ಕಾಲೇಜು ಒಂದು ವಿಭಾಗ ತೆಗೆದುಕೊಳ್ಳಲಿ, ಮೂವತ್ತು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಿ. ಹದಿನೈದರ ಎರಡು ಸಾಲು ಮಾಡಲಿ. ಹದಿನೈದು ಕೆಲಸಗಳನ್ನು ಹುಡುಕಿದರೆ ಸಾಕು, ಸರದಿಯಲ್ಲಿ ಮೂವತ್ತು ಜನ ದುಡಿಯುತ್ತಾರೆ. ಆರು ಅವಧಿ ಆಗದಿದ್ದರೆ ಮೂರರಿಂದ ಆರಂಭಿಸಲಿ: 32 ತಿಂಗಳ ಓದಿಗೆ 12 ತಿಂಗಳ ಕೆಲಸ, ಶೇ. 30ಕ್ಕಿಂತ ಹೆಚ್ಚೇ ಆಗುತ್ತದೆ. ಮೊದಲನೆಯದು ಎರಡನೇ ವರ್ಷದೊಳಗೇ ಬರಲಿ. ಇಬ್ಬರು ಅಧ್ಯಾಪಕರಿಗೆ ಇದೊಂದೇ ಕೆಲಸವಾಗಿರಲಿ. ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ, ಇಲ್ಲದಿರಬಾರದು.

ಮಠಗಳ ಸ್ವಂತ ಕಾಮಗಾರಿಗಳಿಂದಲೇ ಇದು ಮೊದಲಾಗಲಿ. ಕಟ್ಟಡ, ನೀರಿನ ವ್ಯವಸ್ಥೆ, ದಾಸೋಹದ ಹಬೆ ಒಲೆಗಳು, ಸೌರ ಫಲಕಗಳು, ಆಸ್ಪತ್ರೆಯ ವಿದ್ಯುತ್ ಜಾಲ, ಇವೆಲ್ಲ ಎಂಜಿನಿಯರಿಂಗ್ ಕೆಲಸಗಳೇ. ಮುಂದಿನ ಕಟ್ಟಡದ ಗುತ್ತಿಗೆ ಕರಾರಿನಲ್ಲಿ ಒಂದು ಷರತ್ತು ಸೇರಿಸಲಿ: ಗುತ್ತಿಗೆದಾರ ನಾಲ್ವರು ವಿದ್ಯಾರ್ಥಿಗಳಿಗೆ ನಾಲ್ಕು ತಿಂಗಳು ಸಂಬಳ ಕೊಟ್ಟು ಕೆಲಸ ಕೊಡತಕ್ಕದ್ದು. ಇದಕ್ಕೆ ದೆಹಲಿಯ ಅನುಮತಿ ಬೇಡ, ಬೆಂಗಳೂರಿನ ಆದೇಶ ಬೇಡ. ನನ್ನಂಥ ನಿವೃತ್ತ ಎಂಜಿನಿಯರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಸ್ಥಳಕ್ಕೆ ಹೋಗಿ ಹುಡುಗರ ಕೆಲಸ ನೋಡಿಬರಲು ನಮಗೆ ಬಸ್ ಚಾರ್ಜೂ ಬೇಡ, ಕರೆದರೆ ಸಾಕು.

ಇದು ಆಗುವವರೆಗೆ ಕರಪತ್ರದ ಆ ದಪ್ಪಕ್ಷರದ ಸಾಲನ್ನು ಅಳಿಸಿಬಿಡಿ. ಇಲ್ಲದ್ದನ್ನು ಇದೆ ಎಂದು ಬರೆದು ಬಡವರ ಮಕ್ಕಳ ಫೀ ಕಟ್ಟಿಸಿಕೊಳ್ಳುವುದು ಯಾವ ಸಂಸ್ಥೆಗೂ ಶೋಭೆಯಲ್ಲ; ಭಕ್ತರ ಕಾಣಿಕೆಯಿಂದ ಎದ್ದ ಸಂಸ್ಥೆಗಂತೂ ಖಂಡಿತ ಅಲ್ಲ. ಈ ಸಲ ಮಠಕ್ಕೆ ಹೋದಾಗ ಪೂಜ್ಯರ ಮುಂದೆ, ಕಾಲೇಜಿಗೆ ಹೋದಾಗ ಪ್ರಾಂಶುಪಾಲರ ಮುಂದೆ, ಪಾಲಕರಾದವರು ಮೂರು ಪ್ರಶ್ನೆ ಕೇಳಿರಿ: ನನ್ನ ಮಗು ಎಷ್ಟು ತಿಂಗಳು ಕೆಲಸ ಮಾಡುತ್ತದೆ? ಅದಕ್ಕೆ ಸಂಬಳ ಕೊಡುವವರು ಯಾರು? ಆ ಕೆಲಸ ನೋಡಲು ಕಾಲೇಜಿನಿಂದ ಯಾರು ಹೋಗುತ್ತಾರೆ? ಉತ್ತರವನ್ನು ಬರಹದಲ್ಲಿ ಕೊಡುವ ಕಾಲೇಜಿಗೆ ಸೇರಿಸಿರಿ.

ಶರಣು ಶರಣಾರ್ಥಿ.